ಪಟ್ಟಿಯಲ್ಲಿರುವ ಕೋರ್ಸು, ಕೈಗೆ ಸಿಗುವ ಕೋರ್ಸು: ಒಂದು ಲಿಬರಲ್ ಆರ್ಟ್ಸ್ ಕಾಲೇಜಿನ ವಿಮರ್ಶೆ

ನಾನು ನಾಲ್ಕು ವರ್ಷ ಓದಿ ಪದವಿ ಪಡೆದ ಒಂದು ಲಿಬರಲ್ ಆರ್ಟ್ಸ್ ಕಾಲೇಜಿನ ಕೋರ್ಸುಗಳ ವೈವಿಧ್ಯವನ್ನಷ್ಟೇ ಈ ವಿಮರ್ಶೆಯಲ್ಲಿ ನೋಡಲಿದ್ದೇನೆ. ಹಾಸ್ಟೆಲು, ಆಟದ ಮೈದಾನ, ಪದವಿಯ ನಂತರ ಸಿಗುವ ಕೆಲಸ ಇವುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಕೋರ್ಸುಗಳ ವಿಷಯಕ್ಕೆ ಬಂದಾಗ ಮಾತ್ರ ಹೆಚ್ಚಿನವರು "ಆಯ್ಕೆಗೆ ವಿಪುಲ ಅವಕಾಶವಿದೆ" ಎಂಬ ಒಂದು ಸಾಲು ಬರೆದು ಮುಂದೆ ಸಾಗುತ್ತಾರೆ. ಆ ಒಂದು ಸಾಲನ್ನು ಪರೀಕ್ಷಿಸುವುದು ನನ್ನ ಉದ್ದೇಶ. ಕಾಲೇಜಿನ ಹೆಸರನ್ನು ಬೇಕೆಂದೇ ಹೇಳುತ್ತಿಲ್ಲ. ನನ್ನ ಆಕ್ಷೇಪಗಳಲ್ಲಿ ಹೆಚ್ಚಿನವು ಈ ಬಗೆಯ ಸಣ್ಣ ಕಾಲೇಜುಗಳ ರಚನೆಯಲ್ಲಿಯೇ ಇರುವಂಥವಾದ್ದರಿಂದ, ಒಂದರ ಮೇಲೆ ಮಾತ್ರ ದೂರು ಹೊರಿಸುವುದು ನ್ಯಾಯವಾಗುವುದಿಲ್ಲ.

ಪ್ರವೇಶ ಪಡೆದ ದಿನ ಕೈಗೆ ಬಂದ ಕ್ಯಾಟಲಾಗು ಹೆಬ್ಬೆರಳಿನಷ್ಟು ದಪ್ಪವಾಗಿತ್ತು. ಖಗೋಳ ವಿಜ್ಞಾನದ ಪುಟದಿಂದ ಮಾನವಶಾಸ್ತ್ರಕ್ಕೆ, ಅಲ್ಲಿಂದ ಪ್ರಾಚೀನ ಗ್ರೀಕ್ ಭಾಷೆಗೆ, ಮಣ್ಣಿನ ರಸಾಯನಕ್ಕೆ, ರೇಖಾಚಿತ್ರಕ್ಕೆ, ನ್ಯಾಯದ ತತ್ತ್ವಶಾಸ್ತ್ರಕ್ಕೆ ಹಾರುತ್ತಾ, ಓದಲೇಬೇಕೆನಿಸಿದ ಕೋರ್ಸುಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಾ ಹೋದೆ. ರಾತ್ರಿ ಎಣಿಸಿ ನೋಡಿದಾಗ 67 ಗುರುತುಗಳಿದ್ದವು. ಪದವಿ ಮುಗಿಸಲು ಬೇಕಾಗಿದ್ದುದು ಒಟ್ಟು 32 ಕೋರ್ಸುಗಳು, ಅವುಗಳಲ್ಲಿ 11 ಮೇಜರ್ ವಿಷಯಕ್ಕೇ, ಅಂದರೆ ಪದವಿಗೆ ಆರಿಸಿಕೊಂಡ ಮುಖ್ಯ ವಿಷಯಕ್ಕೇ, ಮೀಸಲು. ಆ ಕ್ಯಾಟಲಾಗನ್ನು ನಾನು ಇಂದಿಗೂ ಇಟ್ಟುಕೊಂಡಿದ್ದೇನೆ. ಗುರುತು ಹಾಕಿದ 67ರಲ್ಲಿ ಕೊನೆಗೂ ನಾನು ಓದಿದ್ದು ಒಂಬತ್ತು. ಉಳಿದ 58 ಏಕೆ ತಪ್ಪಿಹೋದವು, ಓದಿದ ಒಂಬತ್ತು ಹೇಗಿದ್ದವು ಎಂಬುದನ್ನು ಹೇಳಿದರೆ ಈ ಕಾಲೇಜಿನ ವೈವಿಧ್ಯದ ಅಳತೆ ಸಾಕಷ್ಟು ಸಿಕ್ಕಂತಾಗುತ್ತದೆ.

ಅದಕ್ಕೆ ಮೊದಲು ಹೆಸರಿನ ಬಗ್ಗೆ ಒಂದೆರಡು ಮಾತು ಅಗತ್ಯ, ಏಕೆಂದರೆ ಈ ಕಾಲೇಜುಗಳನ್ನು ಸೇರುವವರಲ್ಲಿಯೂ ಅದರ ಬಗ್ಗೆ ಗೊಂದಲವಿದೆ. 'ಆರ್ಟ್ಸ್' ಎಂದೊಡನೆ ವಿಜ್ಞಾನ ಬೇಡದವರು ಹೋಗುವ ಜಾಗ ಎಂದುಕೊಳ್ಳುವುದು ರೂಢಿ. 'ಉದಾರ ಕಲೆಗಳು' ಎಂದು ಕನ್ನಡಿಸಿದರಂತೂ ಕೊಡುಗೈ ದಾನಿಗಳಾದ ಕಲಾವಿದರ ಚಿತ್ರ ಕಣ್ಣಮುಂದೆ ಬರುತ್ತದೆ. ಲ್ಯಾಟಿನ್ ಭಾಷೆಯಲ್ಲಿ 'ಲಿಬೆರ್' ಎಂದರೆ ಸ್ವತಂತ್ರ. ಗುಲಾಮನಲ್ಲದ, ಸ್ವತಂತ್ರ ನಾಗರಿಕನಿಗೆ ತಕ್ಕ ವಿದ್ಯೆ ಎಂಬುದು ಮೂಲದ ಅರ್ಥ. ಯುರೋಪಿನ ಮಧ್ಯಯುಗದ ಶಾಲೆಗಳಲ್ಲಿ ಇಂಥ ವಿದ್ಯೆಗಳು ಏಳು: ವ್ಯಾಕರಣ, ತರ್ಕ, ವಾಕ್ಪಟುತ್ವ ಎಂಬ ಮೂರು ಒಂದು ಕಡೆ, ಅಂಕಗಣಿತ, ರೇಖಾಗಣಿತ, ಖಗೋಳ, ಸಂಗೀತ ಎಂಬ ನಾಲ್ಕು ಇನ್ನೊಂದು ಕಡೆ. ಸಂಗೀತವು ಗಣಿತದ ಸಾಲಿನಲ್ಲಿ ಕುಳಿತಿರುವುದು ಆಕಸ್ಮಿಕವಲ್ಲ. ತಂತಿಯ ಮೂರನೆಯ ಎರಡು ಭಾಗವನ್ನು ಮಾತ್ರ ಮಿಡಿದರೆ ಪಂಚಮ, ಅರ್ಧವನ್ನು ಮಿಡಿದರೆ ಮೇಲಿನ ಷಡ್ಜ ಕೇಳಿಸುತ್ತದೆ ಎಂಬ ಲೆಕ್ಕ ಆಗಿನ ಸಂಗೀತ ಪಾಠದ ತಿರುಳಾಗಿತ್ತು. ಏಳರಲ್ಲಿ ನಾಲ್ಕು ಗಣಿತಕ್ಕೆ ಸೇರಿದ ವಿದ್ಯೆಗಳಾಗಿದ್ದ ಪಠ್ಯಕ್ರಮದ ಹೆಸರು ಇಂದು ಗಣಿತಕ್ಕೆ ಹೆದರುವವರ ಆಶ್ರಯತಾಣದಂತೆ ಕೇಳಿಸುವುದು ವಿಚಿತ್ರವೇ ಸರಿ.

ವಿಷಯಗಳು ಹೆಚ್ಚಾದಂತೆ ಯಾವುದನ್ನು ಕಡ್ಡಾಯ ಮಾಡಬೇಕು, ಯಾವುದನ್ನು ವಿದ್ಯಾರ್ಥಿಯ ಇಚ್ಛೆಗೆ ಬಿಡಬೇಕು ಎಂಬ ಜಗಳ ಶುರುವಾಯಿತು, ಅದು ಇನ್ನೂ ಮುಗಿದಿಲ್ಲ. 1828ರಲ್ಲಿ ಅಮೆರಿಕದ ಯೇಲ್ ಕಾಲೇಜು ಒಂದು ವರದಿ ಹೊರಡಿಸಿ ಗ್ರೀಕ್, ಲ್ಯಾಟಿನ್ ಒಳಗೊಂಡ ಹಳೆಯ ಕಡ್ಡಾಯ ಪಠ್ಯಕ್ರಮವನ್ನು ಬಲವಾಗಿ ಸಮರ್ಥಿಸಿಕೊಂಡಿತು. 1869ರಿಂದ 1909ರವರೆಗೆ ಹಾರ್ವರ್ಡಿನ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಎಲಿಯಟ್ ಅದಕ್ಕೆ ನೇರ ವಿರುದ್ಧವಾದ ದಾರಿ ಹಿಡಿದು, ಕಡ್ಡಾಯ ಕೋರ್ಸುಗಳನ್ನು ಒಂದೊಂದಾಗಿ ಕಳಚಿ, ಆಯ್ಕೆಯನ್ನು ವಿದ್ಯಾರ್ಥಿಯ ಕೈಗೆ ಕೊಟ್ಟರು. 1919ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯವು ಎಲ್ಲರೂ ಓದಲೇಬೇಕಾದ ಒಂದು ಸಾಮಾನ್ಯ ಕೋರ್ಸನ್ನು ಮತ್ತೆ ತಂದಿತು. 1937ರಲ್ಲಿ ಅನ್ನಾಪೊಲಿಸ್‌ನ ಸೇಂಟ್ ಜಾನ್ಸ್ ಕಾಲೇಜು ಇನ್ನೂ ಮುಂದೆ ಹೋಗಿ, ಮೂಲ ಕೃತಿಗಳನ್ನೇ ಓದಿ ಚರ್ಚಿಸುವ ಒಂದೇ ಪಠ್ಯಕ್ರಮವನ್ನು ಎಲ್ಲರಿಗೂ ಇಟ್ಟಿತು. 1969ರಲ್ಲಿ ಬ್ರೌನ್ ವಿಶ್ವವಿದ್ಯಾಲಯವು ಹಲವು ವಿಭಾಗಗಳಲ್ಲಿ ಹಂಚಿ ಓದಬೇಕೆಂಬ ನಿಯಮವನ್ನೇ ತೆಗೆದುಹಾಕಿತು. ಅಂದರೆ ಕೋರ್ಸುಗಳ ವೈವಿಧ್ಯ ಹೆಚ್ಚಿದ್ದಷ್ಟೂ ಕಾಲೇಜು ಹೆಚ್ಚು 'ಲಿಬರಲ್' ಎಂಬ ಸಾಮಾನ್ಯ ನಂಬಿಕೆಗೆ ಈ ಪರಂಪರೆಯೊಳಗೇ ಒಮ್ಮತವಿಲ್ಲ. ನನ್ನ ಕಾಲೇಜು ನಡುವಿನ ದಾರಿಯದು: ಮಾನವಿಕ, ಸಮಾಜ ವಿಜ್ಞಾನ, ನಿಸರ್ಗ ವಿಜ್ಞಾನ, ಕಲೆ ಈ ನಾಲ್ಕು ಗುಂಪುಗಳಲ್ಲಿ ತಲಾ ಎರಡು ಕೋರ್ಸು, ಜೊತೆಗೆ ಒಂದು ಭಾಷೆ ಮತ್ತು ಅಂಕಿ ಅಂಶಗಳಿಗೆ ಸಂಬಂಧಿಸಿದ ಒಂದು ಕೋರ್ಸು ಕಡ್ಡಾಯ, ಉಳಿದದ್ದು ನಿಮ್ಮಿಷ್ಟ.

ಈ ಹಂಚಿಕೆಯ ನಿಯಮವನ್ನು ಮೊದಲ ವರ್ಷ ನಾನು ಮನಸಾರೆ ಬೈದುಕೊಂಡಿದ್ದೆ. ಇತಿಹಾಸ ಓದಲು ಬಂದವರಿಗೆ ಸಂಖ್ಯಾಶಾಸ್ತ್ರ ಏಕೆ ಎಂಬುದು ನನ್ನ ವಾದವಾಗಿತ್ತು. ಎರಡನೆಯ ವರ್ಷದ ಸಂಖ್ಯಾಶಾಸ್ತ್ರ ತರಗತಿಯಲ್ಲಿ ಅಧ್ಯಾಪಕರು ಬೋರ್ಡಿನ ಮೇಲೆ ಎರಡು ಅಂಕಿಗಳನ್ನು ಬರೆದರು. 1973ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಉನ್ನತ ಪದವಿಗಳಿಗೆ ಅರ್ಜಿ ಹಾಕಿದ ಗಂಡಸರಲ್ಲಿ ಶೇ. 44 ಮಂದಿಗೆ, ಹೆಂಗಸರಲ್ಲಿ ಶೇ. 35 ಮಂದಿಗೆ ಪ್ರವೇಶ ಸಿಕ್ಕಿತ್ತು. ಹತ್ತು ನಿಮಿಷದಲ್ಲಿ ತೀರ್ಪು ಬರೆದು ಕೊಡಿ ಎಂದರು. ಎಲ್ಲರೂ ತಾರತಮ್ಯ ಎಂದೇ ಬರೆದೆವು. ಮುಂದಿನ ತರಗತಿಯಲ್ಲಿ ಅದೇ ಅಂಕಿಗಳನ್ನು ವಿಭಾಗವಾರು ಬಿಡಿಸಿದ ಕೋಷ್ಟಕ ನಮ್ಮ ಮುಂದೆ ಬಂತು. ಒಂದೊಂದೇ ವಿಭಾಗವನ್ನು ನೋಡಿದರೆ ಹೆಂಗಸರ ವಿರುದ್ಧದ ಒಲವು ಬಹುಮಟ್ಟಿಗೆ ಕಾಣದೆ ಹೋಗುತ್ತಿತ್ತು. ಯಾರು ಅರ್ಜಿ ಹಾಕಿದರೂ ಹೆಚ್ಚಿನವರನ್ನು ತಿರಸ್ಕರಿಸುವ ವಿಭಾಗಗಳಿಗೇ ಹೆಂಗಸರು ಹೆಚ್ಚಾಗಿ ಅರ್ಜಿ ಹಾಕಿದ್ದರು. ನಾವು ಬರೆದುಕೊಟ್ಟಿದ್ದ ತೀರ್ಪುಗಳನ್ನು ಅವರು ಒಂದು ಮಾತನ್ನೂ ಆಡದೆ ವಾಪಸು ಕೊಟ್ಟರು.

ಕಥೆ ಅಲ್ಲಿಗೇ ನಿಂತಿದ್ದರೆ ಅದು ಯಾವ ಕಾಲೇಜಿನಲ್ಲಾದರೂ ಸಿಗಬಹುದಾದ ಒಳ್ಳೆಯ ಸಂಖ್ಯಾಶಾಸ್ತ್ರ ಪಾಠ ಮಾತ್ರ ಆಗಿರುತ್ತಿತ್ತು. ಅದೇ ವಾರ, ನಾನು ಸಮಯ ಹೊಂದುತ್ತದೆ ಎಂಬ ಒಂದೇ ಕಾರಣಕ್ಕೆ ಆರಿಸಿಕೊಂಡಿದ್ದ ಸಮಾಜಶಾಸ್ತ್ರದ ಸೆಮಿನಾರಿನಲ್ಲಿ, ಈ ಕೋಷ್ಟಕದ ವಿಷಯವನ್ನು ಜಂಬದಿಂದಲೇ ಎತ್ತಿದೆ. ಅಲ್ಲಿನ ಅಧ್ಯಾಪಕಿ ಕೇಳಿಸಿಕೊಂಡು, "ಹಾಗಾದರೆ ಹೆಂಗಸರು ಆ ವಿಭಾಗಗಳಿಗೇ ಏಕೆ ಹೋದರು, ಆ ವಿಭಾಗಗಳಲ್ಲಿ ಸೀಟುಗಳೇಕೆ ಕಡಿಮೆ ಇದ್ದವು, ಇದನ್ನು ನಿಮ್ಮ ಕೋಷ್ಟಕ ಹೇಳುತ್ತದೆಯೇ?" ಎಂದು ಕೇಳಿದರು. ಹೇಳುವುದಿಲ್ಲ. ಸೋಮವಾರ ಬರೆದ ತೀರ್ಪು ಬುಧವಾರ ಬಿದ್ದುಹೋಗಿ, ಅದನ್ನು ಬೀಳಿಸಿದ ಉತ್ತರವೇ ಶುಕ್ರವಾರ ಹೊಸ ಪ್ರಶ್ನೆಯಾಯಿತು. ಕೋರ್ಸುಗಳ ವೈವಿಧ್ಯ ಎಂಬುದಕ್ಕೆ ನನ್ನ ಲೆಕ್ಕದಲ್ಲಿ ಅರ್ಥ ಬರುವುದು ಇಂಥ ಕಡೆ, ಒಂದೇ ವಾರದಲ್ಲಿ ಒಂದೇ ತಲೆಯೊಳಗೆ ಎರಡು ವಿಷಯಗಳು ಡಿಕ್ಕಿ ಹೊಡೆಯುವಲ್ಲಿ. ಇಡೀ ಪಟ್ಟಿಯಲ್ಲಿ ಎಷ್ಟು ಕೋರ್ಸುಗಳಿವೆ ಎಂಬುದಕ್ಕಿಂತ ಒಬ್ಬ ವಿದ್ಯಾರ್ಥಿಯ ಒಂದು ಸೆಮಿಸ್ಟರಿನ ನಾಲ್ಕು ಕೋರ್ಸುಗಳು ಪರಸ್ಪರ ಎಷ್ಟು ದೂರದವು ಎಂಬುದು ಮುಖ್ಯ. ಆ ದೂರವನ್ನು ನಾನಾಗಿಯೇ ಆರಿಸಿಕೊಳ್ಳುತ್ತಿರಲಿಲ್ಲ. ನಾನು ಬೈದುಕೊಂಡ ನಿಯಮವೇ ನನ್ನನ್ನು ಅಲ್ಲಿಗೆ ತಳ್ಳಿತ್ತು.

ಈ ಡಿಕ್ಕಿಯನ್ನು ಆಕಸ್ಮಿಕಕ್ಕೆ ಬಿಡದೆ, ಇಬ್ಬರು ಅಧ್ಯಾಪಕರು ಒಟ್ಟಿಗೆ ನಿಂತು ಪಾಠ ಮಾಡುವ ಕೆಲವು ಕೋರ್ಸುಗಳೂ ಈ ಕಾಲೇಜಿನಲ್ಲಿವೆ. ನನಗೆ ಸಿಕ್ಕಿದ್ದು 'ಅಳತೆ' ಎಂಬ ಕೋರ್ಸು. ಕಲಿಸುತ್ತಿದ್ದವರು ಇತಿಹಾಸದ ಒಬ್ಬರು ಹಿರಿಯ ಅಧ್ಯಾಪಕರು, ಭೌತಶಾಸ್ತ್ರದ ಒಬ್ಬರು ಕಿರಿಯರು. ಮೊದಲ ದಿನ ಪ್ರತಿ ಗುಂಪಿಗೂ ಗುರುತಿಲ್ಲದ ಒಂದು ಹಗ್ಗ ಕೊಟ್ಟು ಹೊರಗಿನ ಕಾರಿಡಾರನ್ನು ಅಳೆದು ಬರಲು ಕಳಿಸಿದರು. ನಮ್ಮ ಗುಂಪು ನನ್ನ ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದವನ್ನು, ಅಂದರೆ ಮೊಳವನ್ನು, ಮಾನವಾಗಿ ಇಟ್ಟುಕೊಂಡು 61 ಮೊಳ ಎಂದು ಬರೆದುಕೊಂಡು ಬಂತು. ಪಕ್ಕದ ಗುಂಪೂ ಮೊಳವನ್ನೇ ಹಿಡಿದಿತ್ತು, ಆದರೆ ಅವರ ಲೆಕ್ಕ 54, ಏಕೆಂದರೆ ಅವರಲ್ಲಿ ಕೈ ಚಾಚಿದವನು ನನಗಿಂತ ಒಂದು ತಲೆ ಎತ್ತರದವನು. ಯಾರ ಮೊಳ ಸರಿ ಎಂಬ ಜಗಳ ತರಗತಿಯ ಉಳಿದ ಹೊತ್ತನ್ನೆಲ್ಲ ತಿಂದಿತು, ಅಧ್ಯಾಪಕರಿಬ್ಬರೂ ಅದನ್ನು ನಿಲ್ಲಿಸಲು ಏನೂ ಮಾಡಲಿಲ್ಲ.

ಮುಂದಿನ ವಾರಗಳಲ್ಲಿ ಆ ಜಗಳವೇ ಪಾಠವಾಯಿತು. ಯಾರ ಮೈಯಳತೆಗೂ ಸೇರದ ಒಂದು ಮಾನ ಬೇಕೆಂದು ಫ್ರಾನ್ಸಿನ ವಿದ್ವಾಂಸರು ಉತ್ತರ ಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರದ ಒಂದು ಕೋಟಿಯ ಒಂದು ಭಾಗವನ್ನು ಮೀಟರ್ ಎಂದು ಕರೆಯಲು ತೀರ್ಮಾನಿಸಿದ್ದು, ಅದಕ್ಕಾಗಿ ದೆಲಾಂಬ್ರ್ ಮತ್ತು ಮೆಷೆನ್ ಎಂಬ ಇಬ್ಬರು ಖಗೋಳ ವಿಜ್ಞಾನಿಗಳು 1792ರಲ್ಲಿ ಹೊರಟು ಡನ್‌ಕರ್ಕ್‌ನಿಂದ ಬಾರ್ಸಿಲೋನಾವರೆಗಿನ ನೆಲವನ್ನು ಕ್ರಾಂತಿ, ಯುದ್ಧಗಳ ನಡುವೆ ವರ್ಷಗಟ್ಟಲೆ ಅಳೆದದ್ದು, ಬಾರ್ಸಿಲೋನಾದ ಅಕ್ಷಾಂಶದ ಲೆಕ್ಕಗಳು ಒಂದಕ್ಕೊಂದು ಹೊಂದದಿದ್ದಾಗ ಮೆಷೆನ್ ಅದನ್ನು ಮುಚ್ಚಿಟ್ಟು 1804ರಲ್ಲಿ ಸಾಯುವವರೆಗೂ ಆ ಭಾರವನ್ನು ಹೊತ್ತದ್ದು, ಇವೆಲ್ಲ ಇತಿಹಾಸದ ಅಧ್ಯಾಪಕರ ಪಾಲು. ಅಂತಿಮವಾಗಿ ಸಿದ್ಧವಾದ ಮೀಟರ್ ಉದ್ದೇಶಿಸಿದ್ದಕ್ಕಿಂತ ಸುಮಾರು 0.2 ಮಿಲಿಮೀಟರ್ ಗಿಡ್ಡವಾಗಿತ್ತು ಎಂಬಲ್ಲಿಗೆ ಅವರು ನಿಲ್ಲಿಸಿದರೆ, ಭೌತಶಾಸ್ತ್ರದವರು ಅಲ್ಲಿಂದ ಎತ್ತಿಕೊಂಡು ತಪ್ಪು ಎಂದರೇನು, ಅನಿಶ್ಚಿತತೆ ಎಂದರೇನು, ಅವೆರಡೂ ಏಕೆ ಬೇರೆ ಎಂಬುದನ್ನು ಕಲಿಸಿ, ಬೆಳಕು ನಿರ್ವಾತದಲ್ಲಿ ಒಂದು ಸೆಕೆಂಡಿನ 29,97,92,458ನೇ ಒಂದು ಭಾಗದಲ್ಲಿ ಸಾಗುವ ದೂರವೇ ಮೀಟರ್ ಎಂದು 1983ರಲ್ಲಿ ಒಪ್ಪಿಕೊಂಡ ವ್ಯಾಖ್ಯೆಯವರೆಗೆ ಕರೆದೊಯ್ದರು. ಕೊನೆಯ ಪ್ರಬಂಧದಲ್ಲಿ ನಾನು "ಕಾರಿಡಾರಿನ ಉದ್ದ 27 ಮೀಟರ್" ಎಂದು ಬರೆದಿದ್ದೆ. ಹಿಂದಕ್ಕೆ ಬಂದ ಹಾಳೆಯಲ್ಲಿ ಆ ಒಂದೇ ವಾಕ್ಯದ ಎಡ ಅಂಚಿನಲ್ಲಿ "ಯಾರು ಅಳೆದದ್ದು?" ಎಂದೂ ಬಲ ಅಂಚಿನಲ್ಲಿ "ಎಷ್ಟು ಹೆಚ್ಚುಕಡಿಮೆ?" ಎಂದೂ ಎರಡು ಬೇರೆ ಬೇರೆ ಕೈಬರಹಗಳಲ್ಲಿ ಬರೆದಿತ್ತು. ನಾಲ್ಕು ವರ್ಷದಲ್ಲಿ ನನ್ನ ಬರವಣಿಗೆಗೆ ಸಿಕ್ಕ ಟಿಪ್ಪಣಿಗಳಲ್ಲಿ ಇವಕ್ಕಿಂತ ಉಪಯುಕ್ತವಾದವು ಬೇರೆ ಇಲ್ಲ.

ಇಷ್ಟು ಹೊಗಳಿದ ಮೇಲೆ ತಪ್ಪಿಹೋದ 58ರ ಲೆಕ್ಕಕ್ಕೆ ಬರಬೇಕು. ಅವುಗಳಲ್ಲಿ ಕೆಲವನ್ನು ನಾನೇ ಬಿಟ್ಟೆ. ಹದಿನೆಂಟನೆಯ ವಯಸ್ಸಿನ ಆಸೆಗಳೆಲ್ಲ ಇಪ್ಪತ್ತರವರೆಗೆ ಉಳಿಯುವುದಿಲ್ಲ. ಆದರೆ ಅತಿ ಹೆಚ್ಚು ಕೋರ್ಸುಗಳು ತಪ್ಪಿದ್ದು, ನಾನಿದ್ದ ನಾಲ್ಕು ವರ್ಷಗಳಲ್ಲಿ ಅವು ಒಮ್ಮೆಯೂ ನಡೆಯಲಿಲ್ಲ ಎಂಬ ಸರಳ ಕಾರಣಕ್ಕೆ. ಕ್ಯಾಟಲಾಗಿನಲ್ಲಿ ಇತಿಹಾಸ ವಿಭಾಗದಡಿ 46 ಕೋರ್ಸುಗಳು ಅಚ್ಚಾಗಿದ್ದವು. ಒಂದು ಸೆಮಿಸ್ಟರಿನಲ್ಲಿ ನಿಜವಾಗಿ ನಡೆದವುಗಳನ್ನು ಎಣಿಸಿದಾಗ 11 ಸಿಕ್ಕವು. ಇದರ ಹಿಂದೆ ಮೋಸವೇನೂ ಇಲ್ಲ. ಸಣ್ಣ ಕಾಲೇಜಿನ ವಿಭಾಗವೆಂದರೆ ಬೆರಳೆಣಿಕೆಯ ಅಧ್ಯಾಪಕರು; ಒಬ್ಬರು ಸಂಶೋಧನೆಗೆಂದು ರಜೆಯ ಮೇಲೆ ಹೋದರೆ ಅವರ ವಿಷಯವೇ ಒಂದು ವರ್ಷ ಮುಚ್ಚಿಹೋಗುತ್ತದೆ, ಅವರು ನಿವೃತ್ತರಾದರೆ ಆ ವಿಷಯದ ಗತಿ ಮುಂದೆ ಬರುವವರ ಆಸಕ್ತಿಯನ್ನು ಅವಲಂಬಿಸಿರುತ್ತದೆ. ಆದರೂ ಹೋದ ಅಧ್ಯಾಪಕರ ಕೋರ್ಸನ್ನು ಕ್ಯಾಟಲಾಗಿನಿಂದ ತೆಗೆಯಲು ಯಾರಿಗೂ ಅವಸರವಿರುವುದಿಲ್ಲ. ಪ್ರವೇಶಕ್ಕೆ ಮೊದಲು ಬರುವವರು ನೋಡುವುದು ಕ್ಯಾಟಲಾಗನ್ನೇ ಆದ್ದರಿಂದ ಈ ಸೋಮಾರಿತನವನ್ನು ನಾನು ಪೂರ್ತಿ ಮುಗ್ಧವೆಂದು ಒಪ್ಪಲಾರೆ.

ಒಂದೇ ಕೋರ್ಸನ್ನು ಎರಡು ಮೂರು ವಿಭಾಗಗಳಡಿ ತೋರಿಸುವ ಪದ್ಧತಿಯೂ ಎಣಿಕೆಯನ್ನು ಉಬ್ಬಿಸುತ್ತದೆ. ನಗರಗಳ ಚರಿತ್ರೆಯನ್ನು ಕುರಿತ ಕೋರ್ಸೊಂದು ಇತಿಹಾಸ, ಸಮಾಜಶಾಸ್ತ್ರ, ಪರಿಸರ ಅಧ್ಯಯನ ಮೂರರಲ್ಲೂ ಮೂರು ಸಂಖ್ಯೆಗಳೊಂದಿಗೆ ಕಾಣಿಸಿಕೊಂಡಿತ್ತು. ನಾನು ಮೂರಕ್ಕೂ ಗುರುತು ಹಾಕಿದ್ದೆ.

ಸೀಟಿನ ಮಿತಿ ಇನ್ನೊಂದು. ಹದಿನೈದು ಜನ ಮೇಜಿನ ಸುತ್ತ ಕುಳಿತು ಮಾತಾಡುವ ತರಗತಿಯೇ ಈ ಕಾಲೇಜುಗಳ ಹೆಮ್ಮೆ, ಅದು ಸಾರ್ಥಕವಾದ ಹೆಮ್ಮೆಯೇ; ಆದರೆ ಹದಿನಾರನೆಯವರು ವೇಟಿಂಗ್ ಲಿಸ್ಟಿಗೆ ಹೋಗುತ್ತಾರೆ ಎಂಬುದು ಅದರ ಇನ್ನೊಂದು ಮುಖ. ನೋಂದಣಿಯಲ್ಲಿ ಹಿರಿಯ ವಿದ್ಯಾರ್ಥಿಗಳಿಗೆ ಮೊದಲ ಸರದಿ ಇರುವುದರಿಂದ, ಹೊಸದನ್ನು ಕಲಿಯಲು ಅತಿ ಹೆಚ್ಚು ತೆರೆದ ಮನಸ್ಸಿರುವ ಮೊದಲ ವರ್ಷದವರಿಗೆ ಉಳಿದ ಸೀಟುಗಳೇ ಗತಿ.

ವೇಳಾಪಟ್ಟಿಯ ತೊಡಕನ್ನು ಹೊರಗಿನವರು ಊಹಿಸುವುದು ಕಷ್ಟ. ರಸಾಯನಶಾಸ್ತ್ರದ ಲ್ಯಾಬ್ ಒಂದಿಡೀ ಮಧ್ಯಾಹ್ನವನ್ನು ತೆಗೆದುಕೊಳ್ಳುತ್ತದೆ. ನಾಟಕದ ಅಭಿನಯ ತರಗತಿಗೂ ರೇಖಾಚಿತ್ರದ ಸ್ಟುಡಿಯೋಗೂ ಅಷ್ಟೇ ಉದ್ದನೆಯ ಮಧ್ಯಾಹ್ನವೇ ಬೇಕು. ಹೀಗಾಗಿ ವಿಜ್ಞಾನ ಮತ್ತು ಕಲೆಯನ್ನು ಒಟ್ಟಿಗೆ ಓದಬಹುದು ಎಂದು ಮೊದಲ ಪುಟದಲ್ಲಿಯೇ ಸಾರುವ ಕಾಲೇಜಿನಲ್ಲಿ, ರಸಾಯನಶಾಸ್ತ್ರದ ನನ್ನ ಗೆಳತಿ ಮೂರು ವರ್ಷ ಪ್ರಯತ್ನಿಸಿಯೂ ಸ್ಟುಡಿಯೋದೊಳಗೆ ಕಾಲಿಡಲಾಗಲಿಲ್ಲ. ಒಂದು ಸಲಕ್ಕೆ ಒಂದೇ ಕೋರ್ಸು ಎಂಬ ಪದ್ಧತಿಯನ್ನು 1970ರಿಂದ ನಡೆಸಿಕೊಂಡು ಬಂದಿರುವ ಕೊಲರಾಡೋ ಕಾಲೇಜಿನಲ್ಲಿ ಈ ಘರ್ಷಣೆಗೆ ಜಾಗವೇ ಇಲ್ಲ. ಅಲ್ಲಿ ಮೂರೂವರೆ ವಾರ ಒಂದೇ ವಿಷಯವನ್ನು ಓದಿ ಮುಗಿಸಿ ಮುಂದಿನದಕ್ಕೆ ಹೋಗುತ್ತಾರೆ. ಆದರೆ ನಾನು ಮೇಲೆ ಹೇಳಿದ ಸೋಮವಾರ, ಬುಧವಾರ, ಶುಕ್ರವಾರಗಳ ಡಿಕ್ಕಿಯೂ ಆ ಪದ್ಧತಿಯಲ್ಲಿ ಸುಲಭವಲ್ಲ. ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಡಿಕ್ಕಿಯನ್ನೇ ಆರಿಸಿಕೊಂಡೇನು, ಗೆಳತಿ ಒಪ್ಪಲಾರಳು.

ನನ್ನ ಅತಿ ಗಂಭೀರ ಆಕ್ಷೇಪ ಆಳಕ್ಕೆ ಸಂಬಂಧಿಸಿದ್ದು. ಹರವಿಗೆ ಹೆಸರಾದ ಪಠ್ಯಕ್ರಮದಲ್ಲಿ ಆರಂಭದ ಕೋರ್ಸುಗಳು ಸಮೃದ್ಧವಾಗಿರುತ್ತವೆ. ಮೇಲೇರಿದಂತೆ ಮೆಟ್ಟಿಲುಗಳು ಕಾಣೆಯಾಗುತ್ತವೆ. ಗಣಿತದಲ್ಲಿ ಮುಂದುವರಿಯಬೇಕೆಂದಿದ್ದ ನನ್ನ ರೂಮ್‌ಮೇಟ್‌ಗೆ ಬೇಕಾಗಿದ್ದ ಎರಡು ಉನ್ನತ ಕೋರ್ಸುಗಳು ವರ್ಷ ಬಿಟ್ಟು ವರ್ಷ ನಡೆಯುತ್ತಿದ್ದವು. ಮೊದಲನೆಯದನ್ನು ಓದದೆ ಎರಡನೆಯದಕ್ಕೆ ಸೇರುವಂತಿರಲಿಲ್ಲ; ಮೊದಲನೆಯದು ನಡೆದ ವರ್ಷ ಅವನಿನ್ನೂ ಅದಕ್ಕೆ ಸಿದ್ಧನಿರಲಿಲ್ಲ, ಸಿದ್ಧನಾದ ವರ್ಷ ಅದು ಇರಲಿಲ್ಲ. ಕೊನೆಗೆ ಒಬ್ಬ ಅಧ್ಯಾಪಕರು ತಮ್ಮ ಬಿಡುವಿನ ಹೊತ್ತಿನಲ್ಲಿ ಅವನೊಬ್ಬನಿಗೇ ಆ ಕೋರ್ಸನ್ನು ಓದಿಸಿದರು. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಪದವಿ ವಿದ್ಯಾರ್ಥಿಯೊಬ್ಬನಿಗೆ ಇಷ್ಟು ಆತ್ಮೀಯತೆ ಸುಲಭಕ್ಕೆ ಸಿಗುವುದಿಲ್ಲ, ನಿಜ. ಆದರೆ ಒಬ್ಬ ಅಧ್ಯಾಪಕರ ಒಳ್ಳೆಯತನದ ಮೇಲೆ ನಿಂತಿರುವುದನ್ನು ಪಠ್ಯಕ್ರಮದ ಗುಣವೆಂದು ಲೆಕ್ಕ ಹಾಕಲಾಗದು.

ಈ ಕೊರತೆಗೆ ಕೆಲವು ಕಾಲೇಜುಗಳು ಕಂಡುಕೊಂಡಿರುವ ಪರಿಹಾರ ನೆರೆಹೊರೆ. ಮ್ಯಾಸಚೂಸೆಟ್ಸ್‌ನ ಆಮ್ಹರ್ಸ್ಟ್, ಸ್ಮಿತ್, ಮೌಂಟ್ ಹೋಲಿಯೋಕ್ ಕಾಲೇಜುಗಳು ಹತ್ತಿರದ ದೊಡ್ಡ ವಿಶ್ವವಿದ್ಯಾಲಯದೊಂದಿಗೆ ಕೈಜೋಡಿಸಿ, ಒಂದರ ವಿದ್ಯಾರ್ಥಿ ಇನ್ನೊಂದರಲ್ಲಿ ಕೋರ್ಸು ತೆಗೆದುಕೊಳ್ಳುವ ಏರ್ಪಾಡು ಮಾಡಿಕೊಂಡಿವೆ. ಕ್ಯಾಲಿಫೋರ್ನಿಯಾದ ಕ್ಲೇರ್ಮಾಂಟ್‌ನಲ್ಲಿ ಕಾಲೇಜುಗಳು ಒಂದಕ್ಕೊಂದು ಅಂಟಿಕೊಂಡೇ ಇರುವುದರಿಂದ ಈ ಓಡಾಟ ಇನ್ನೂ ಸುಲಭ. ನನ್ನ ಕಾಲೇಜಿಗೆ ಅಂಥ ನೆರೆಯಿಲ್ಲ.

ಭಾಷೆಗಳ ವಿಭಾಗ ಚೆನ್ನಾಗಿದೆ. ಆರಂಭದ ತರಗತಿಗಳು ವಾರದಲ್ಲಿ ಐದು ದಿನ ನಡೆಯುತ್ತವೆ, ನಡೆಯಬೇಕಾದದ್ದೂ ಹಾಗೆಯೇ. ಅರ್ಥಶಾಸ್ತ್ರದಲ್ಲಿ ಜನಸಂದಣಿ ಜಾಸ್ತಿ. ಕಂಪ್ಯೂಟರ್ ವಿಜ್ಞಾನದ್ದೂ ಅದೇ ಕಥೆ. ಹೊಸದಾಗಿ ಬಂದ ಕೆಲವು ಕೋರ್ಸುಗಳ ಹೆಸರುಗಳು ಸಿನಿಮಾ ಪೋಸ್ಟರಿನಂತಿವೆ, ಪಠ್ಯಸೂಚಿ ತೆರೆದರೆ ಹಳೆಯ ಪರಿಚಯಾತ್ಮಕ ಕೋರ್ಸೇ ಹೊಸ ಅಂಗಿ ತೊಟ್ಟು ಕುಳಿತಿರುತ್ತದೆ.

ಹಾಗಾಗಿ ಇಂಥ ಕಾಲೇಜನ್ನು ಸೇರಲು ಯೋಚಿಸುತ್ತಿರುವವರು ಕ್ಯಾಟಲಾಗನ್ನು ಬದಿಗಿಟ್ಟು ಕಳೆದ ನಾಲ್ಕು ಸೆಮಿಸ್ಟರುಗಳಲ್ಲಿ ನಿಜವಾಗಿ ನಡೆದ ತರಗತಿಗಳ ವೇಳಾಪಟ್ಟಿಯನ್ನು ಕೇಳಿ ಪಡೆಯುವುದು ಒಳ್ಳೆಯದು. ಕೊಡಲು ಹಿಂಜರಿದರೆ ಅದನ್ನೂ ಒಂದು ಉತ್ತರವೆಂದೇ ತಿಳಿಯಬಹುದು. ಮೇಜರ್ ಯಾವುದೆಂದು ಮೊದಲೇ ಗೊತ್ತಿರುವವರು ಆ ವಿಭಾಗದ ಅತಿ ಮೇಲಿನ ಮೂರು ಕೋರ್ಸುಗಳು ಎಷ್ಟು ವರ್ಷಕ್ಕೊಮ್ಮೆ ನಡೆಯುತ್ತವೆ, ಅವನ್ನು ಕಲಿಸುವವರು ಕಾಯಂ ಅಧ್ಯಾಪಕರೇ, ಒಂದು ವರ್ಷದ ಮಟ್ಟಿಗೆ ಬಂದವರೇ ಎಂದು ವಿಚಾರಿಸಬೇಕು. ಏನು ಓದಬೇಕೆಂದು ಇನ್ನೂ ಗೊತ್ತಿಲ್ಲದವರಿಗೆ ಈ ಕಾಲೇಜನ್ನು ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಗೊತ್ತಿದೆ ಎಂದುಕೊಂಡು ಬಂದವರಿಗೂ ಮಾಡುತ್ತೇನೆ, ಸ್ವಲ್ಪ ತುಂಟತನದಿಂದ. ಐದು ನಕ್ಷತ್ರಗಳಲ್ಲಿ ಹರವಿಗೆ ನಾಲ್ಕು, ಆಳಕ್ಕೆ ಎರಡೂವರೆ ಕೊಡುವೆನು. ಕ್ಯಾಟಲಾಗಿನ ಪ್ರಾಮಾಣಿಕತೆಗೆ ಒಂದು ಕೊಟ್ಟರೂ ಜಾಸ್ತಿಯೇ.

ಈ ವಿಮರ್ಶೆ ಬರೆಯುವ ಮೊದಲು ಈ ವರ್ಷದ ಕ್ಯಾಟಲಾಗನ್ನೊಮ್ಮೆ ತೆರೆದು ನೋಡಿದೆ. 'ಅಳತೆ' ಕೋರ್ಸು ಅದೇ ಸಂಖ್ಯೆ, ಅದೇ ನಾಲ್ಕು ಸಾಲಿನ ವಿವರಣೆಯೊಂದಿಗೆ ಹಾಗೆಯೇ ಇದೆ. ಅದನ್ನು ಕಲಿಸುತ್ತಿದ್ದ ಇತಿಹಾಸದ ಅಧ್ಯಾಪಕರು ನಿವೃತ್ತರಾಗಿ ಮೂರು ವರ್ಷವಾಯಿತು. ಯಾವ ಸೆಮಿಸ್ಟರಿನಲ್ಲಿ ನಡೆಯುತ್ತದೆ ಎಂದು ಬರೆಯಬೇಕಾದ ಅಂಕಣ ಖಾಲಿಯಿದೆ.